ಬೇಗ ಕರಗೋ ಮಾತ್ರೆ, ನಿಧಾನ ಕರಗೋ ಮಾತ್ರೆ: ನನ್ನ ಕಾಲುರಿ ಲೆಕ್ಕ



ಕೂಳೆ ಕಬ್ಬಿನ ಬಗ್ಗೆ ಬರೆದಿದ್ದೇ ಕೊನೆ, ಆಮೇಲೆ ಎರಡು ತಿಂಗಳು ಈ ಕಡೆ ತಲೆ ಹಾಕಿರಲಿಲ್ಲ. ಕೆಲವರು ಫೋನ್ ಮಾಡಿ "ಯಾಕಣ್ಣ, ಏನೂ ಬರೀತಾನೇ ಇಲ್ಲ" ಅಂತ ಕೇಳಿದ್ರಿ. "ಕೆಲಸ ಜಾಸ್ತಿ ಕಣಪ್ಪ" ಅಂದಿದ್ದೆ. ಅದು ಸುಳ್ಳು. ಮೋಟ್ರು ಮನೆ ಹತ್ರ ಬಿದ್ದು, ಮೊಣಕೈ ಮೂಳೆ ಬಿರುಕು ಬಿಟ್ಟು, ಕೈಗೆ ಪಟ್ಟಿ ಹಾಕಿಸ್ಕೊಂಡು ಜಗಲಿ ಮೇಲೆ ಕೂತಿದ್ದೆ. "ಬದು ಜಾರಿ ಬಿದ್ದೆ" ಅಂತ ಊರಿಗೆಲ್ಲ ಹೇಳಿದ್ದೂ ಸುಳ್ಳೇ. ಬದು ಜಾರಲಿಲ್ಲ, ತಲೆ ತಿರುಗ್ತು. ತಲೆ ತಿರುಗಿದ್ದಕ್ಕೆ ಕಾರಣ ನಾನೇ, ನಾನು ಮಾತ್ರೆ ತಗೊಂಡ ರೀತಿ.

ಇವತ್ತು ಬೆಳೆ ವಿಷಯ ಅಲ್ಲ, ಆ ಮಾತ್ರೆ ವಿಷಯ. ಸಕ್ಕರೆ ಕಾಯಿಲೆಯಿಂದ ಪಾದ ಉರಿಯೋರು, ಸರ್ಪಸುತ್ತು ವಾಸಿಯಾದ ಮೇಲೂ ಆ ಜಾಗದಲ್ಲಿ ಉರಿ ಬಿಡದೆ ಒದ್ದಾಡೋರು ನಮ್ಮ ಸುತ್ತಮುತ್ತ ಮನೆಗೊಬ್ಬರು ಸಿಗ್ತಾರೆ. ಅವರಿಗೆ ಉಪಯೋಗ ಆದ್ರೆ ಆಗ್ಲಿ. ನಾನು ಎಸ್ಸೆಸ್ಸೆಲ್ಸಿ ಓದಿದ ರೈತ, ಡಾಕ್ಟರಲ್ಲ. ನನಗೆ ಡಾಕ್ಟ್ರು ಹೇಳಿದ್ದು, ಮಗ ಮಾತ್ರೆ ಜೊತೆ ಬರೋ ಚೀಟಿ ಓದಿ ತಿಳಿಸಿದ್ದು, ನಾನು ಅನುಭವಿಸಿದ್ದು, ಇಷ್ಟೇ ಬರೀತಿದ್ದೀನಿ.

ನನಗೆ ಸಕ್ಕರೆ ಕಾಯಿಲೆ ಬಂದು ಹನ್ನೆರಡು ವರ್ಷ. ಕಾಲುರಿ ಶುರುವಾಗಿ ಮೂರು ವರ್ಷ. ಹಗಲು ಗದ್ದೇಲಿ ಓಡಾಡುವಾಗ ಅಷ್ಟು ಗೊತ್ತಾಗಲ್ಲ. ರಾತ್ರಿ ಮಲಗಿದ ಮೇಲೆ ಶುರು. ಪಾದಕ್ಕೆ ಮೆಣಸಿನಪುಡಿ ಮೆತ್ತಿದಂಗೆ, ಕೆಂಜಿಗ ಕಚ್ಚಿದಂಗೆ. ಹೊದಿಕೆ ಸೋಕಿದ್ರೂ ಆಗ್ತಿರಲಿಲ್ಲ. ಗೋಣಿಚೀಲ ಒದ್ದೆ ಮಾಡಿ ಅದರ ಮೇಲೆ ಕಾಲಿಡ್ತಿದ್ದೆ. ಎರಡು ಗಂಟೆಗೆಲ್ಲ ಎದ್ದು ತಣ್ಣಗಿರೋ ಹಜಾರದ ನೆಲದ ಮೇಲೆ ನಿಲ್ತಿದ್ದೆ. ನಮ್ಮನೆಯವಳು "ನೀವು ನಿದ್ದೆ ಮಾಡಲ್ಲ, ನಮ್ಮನ್ನೂ ಮಾಡೋಕೆ ಬಿಡಲ್ಲ" ಅಂತ ಬೈಯೋಳು. ಬೈದು ತಾನೇ ಎದ್ದು ಕೊಬ್ಬರಿ ಎಣ್ಣೆ ಹಚ್ಚೋಳು.

ವಿಚಿತ್ರ ಏನಪ್ಪಾ ಅಂದ್ರೆ, ಅದೇ ಪಾದಕ್ಕೆ ಮುಟ್ಟಿದ್ದು ಗೊತ್ತಾಗಲ್ಲ. ಕಾಲಿಂದ ಚಪ್ಪಲಿ ಜಾರಿ ಹೋದ್ರೂ ತಿಳೀದೆ ನಾಲ್ಕು ಹೆಜ್ಜೆ ನಡೆದಿರ್ತಿದ್ದೆ. ಹೋದ ವರ್ಷ ಒಂದು ಜಾಲಿ ಮುಳ್ಳು ಅಂಗಾಲಿಗೆ ಹೊಕ್ಕು ಎರಡು ದಿನ ಒಳಗೇ ಇತ್ತು. ನೆಲದ ಮೇಲೆ ರಕ್ತದ ಗುರುತು ನೋಡಿ ನಮ್ಮನೆಯವಳು ಕಂಡುಹಿಡಿದಳು. ಉರಿ ಮಾತ್ರ ಇದೆ, ಮುಳ್ಳಿನ ನೋವಿಲ್ಲ. ಆಗ ಹೆದರಿಕೆ ಆಯ್ತು.

ಅಲ್ಲೀವರೆಗೂ ಅಂಗಡೀಲಿ ಸಿಗೋ ನೋವಿನ ಮಾತ್ರೆ ನುಂಗ್ತಿದ್ದೆ. ಡಾಕ್ಟ್ರ ಹತ್ರ ಹೋದಾಗ ಅವರು ಮೊದಲು ಅದನ್ನೇ ಬಿಡಿಸಿದ್ರು. "ಯಜಮಾನ್ರೇ, ಇದು ಮಂಡಿ ನೋವಲ್ಲ, ನರದ ನೋವು. ವೈರಿನ ಮೇಲಿನ ಹೊದಿಕೆ ಹೋದ್ರೆ ಸುಮ್ ಸುಮ್ನೆ ಕಿಡಿ ಹಾರಲ್ವಾ, ಹಂಗೆ. ಮೈಕೈ ನೋವಿನ ಮಾತ್ರೆ ಇದಕ್ಕೆ ಕೆಲಸ ಮಾಡಲ್ಲ, ಕಿಡ್ನಿ ಹಾಳು ಮಾಡುತ್ತೆ ಅಷ್ಟೆ" ಅಂದ್ರು. ಕಣ್ಣು ಮುಚ್ಚಿಸಿ ಪ್ಲಾಸ್ಟಿಕ್ ದಾರದಂಥ ಕಡ್ಡಿಯನ್ನ ಪಾದಕ್ಕೆ ಅಲ್ಲಲ್ಲಿ ಒತ್ತಿ ಗೊತ್ತಾಗ್ತಿದ್ಯಾ ಅಂತ ಕೇಳಿದ್ರು. ಅರ್ಧಕ್ಕರ್ಧ ಗೊತ್ತಾಗಲಿಲ್ಲ. ಕಿಡ್ನಿಗೆ ಕ್ರಿಯಾಟಿನಿನ್ ಟೆಸ್ಟು, ಜೊತೆಗೆ ಬಿ12 ಟೆಸ್ಟು ಮಾಡಿಸಿದ್ರು. ಮೆಟ್‌ಫಾರ್ಮಿನ್ ವರ್ಷಗಟ್ಟಲೆ ತಗೊಂಡ್ರೆ ಕೆಲವರಿಗೆ ಬಿ12 ಇಳಿಯುತ್ತೆ, ಅದರಿಂದಲೂ ಕಾಲು ಜೋಮು ಹಿಡಿಯುತ್ತೆ ಅಂತೆ. ಇದು ನನಗೆ ಹೊಸ ವಿಷಯ.

ಕಿಡ್ನಿ ಸರಿ ಇದೆ ಅಂತ ಆದ ಮೇಲೆ ಪ್ರಿಗ್ಯಾಬಲಿನ್ 75 ಮಿಲಿಗ್ರಾಂ ಕ್ಯಾಪ್ಸೂಲ್ ಬರೆದ್ರು, ಬೆಳಿಗ್ಗೆ ಒಂದು, ರಾತ್ರಿ ಒಂದು. ಇದು ಬೇಗ ಕರಗೋದು. "ಪೂರ್ತಿ ಹೋಗುತ್ತೆ ಅಂತ ಕಾಯಬೇಡಿ, ಅರ್ಧ ಇಳಿದ್ರೆ ಗೆದ್ದಂಗೆ" ಅಂತಲೂ ಹೇಳಿದ್ರು. ಎರಡು ವಾರಕ್ಕೆ ರಾತ್ರಿ ಉರಿ ಇಳೀತು. ಎಷ್ಟೋ ತಿಂಗಳ ಮೇಲೆ ಕೋಳಿ ಕೂಗೋವರೆಗೂ ಮಲಗಿದೆ.

ತೊಂದರೆ ಆಗಿದ್ದು ಬೆಳಗಿನ ಕ್ಯಾಪ್ಸೂಲಿಂದ. ಏಳು ಗಂಟೆಗೆ ನುಂಗಿ ಗದ್ದೆಗೆ ಹೋದ್ರೆ ಎಂಟೂವರೆಗೆ ಸರಿಯಾಗಿ ಕಳ್ಳು ಕುಡಿದಂಗೆ ತೂರಾಟ. ಬೆನ್ನಿಗೆ ಔಷಧಿ ಹೊಡೆಯೋ ಕ್ಯಾನು, ಕಾಲಡಿ ಒಂದು ಅಡಿ ಅಗಲದ ಬದು. ಎರಡು ಸಲ ಕೂತ್ಕೊಂಡು ಸುಧಾರಿಸ್ಕೊಂಡೆ. ಮಗ ಚೀಟಿ ಓದಿ ಹೇಳ್ದ: ಖಾಲಿ ಹೊಟ್ಟೇಲಿ ತಗೊಂಡ್ರೆ ಒಂದು, ಒಂದೂವರೆ ಗಂಟೆಗೆಲ್ಲ ಇದು ರಕ್ತದಲ್ಲಿ ಮೇಲಿನ ಮಟ್ಟಕ್ಕೆ ಏರುತ್ತೆ. ಊಟದ ಜೊತೆ ಆದ್ರೆ ಮೂರು ಗಂಟೆ. ಏರಿದ್ದು ಸುಮಾರು 6 ಗಂಟೆಗೊಮ್ಮೆ ಅರ್ಧಕ್ಕೆ ಇಳಿಯುತ್ತೆ, ಹೊರಗೆ ಹೋಗೋದು ಕಿಡ್ನಿ ಮೂಲಕ. ಅದಕ್ಕೇ ದಿನಕ್ಕೆ ಎರಡು, ಕೆಲವರಿಗೆ ಮೂರು ಸಲ ಕೊಡ್ತಾರೆ. ನಾನು ಜಾಣತನ ಮಾಡಿ ಬೆಳಗಿನದ್ದು ಬಿಟ್ಟೆ. ನಾಲ್ಕು ಗಂಟೆ ಹೊತ್ತಿಗೆ ಉರಿ ವಾಪಸ್ ಬಂತು. ಇದ್ದದ್ದನ್ನ ಇದ್ದಂಗೆ ಡಾಕ್ಟ್ರಿಗೆ ಹೇಳ್ದೆ.

ಅವರು ಅದೇ ಔಷಧಿಯ ನಿಧಾನ ಕರಗೋ ಮಾತ್ರೆಗೆ ಬದಲಾಯಿಸಿದ್ರು. 150 ಮಿಲಿಗ್ರಾಂ, ದಿನಕ್ಕೆ ಒಂದೇ, ರಾತ್ರಿ ಊಟ ಆದ ಮೇಲೆ. "ಇದು ಸ್ಟ್ರಾಂಗಾ ಮೇಡಂ?" ಅಂತ ಕೇಳ್ದೆ. ನಾವೆಲ್ಲ ಕೇಳೋದು ಅದೇ ಅಲ್ವಾ. ಅವರೂ ಊರ ಕಡೆಯಿಂದ ಬಂದೋರು. "ನೀವು ಬೇವು ಲೇಪನದ ಯೂರಿಯಾ ಹಾಕ್ತೀರಲ್ಲ, ಅದರಲ್ಲಿ ಸಾರಜನಕ ಜಾಸ್ತಿನಾ?" ಅಂದ್ರು. ಇಲ್ಲ. ಮುಂಚಿನ ಬಿಳಿ ಯೂರಿಯಾದಲ್ಲೂ 46 ಪರ್ಸೆಂಟು, 2015ರಲ್ಲಿ ಸರ್ಕಾರ ಲೇಪನ ಕಡ್ಡಾಯ ಮಾಡಿದ ಮೇಲೆ ಬರ್ತಿರೋದರಲ್ಲೂ 46 ಪರ್ಸೆಂಟು. ಸತ್ವ ಅಷ್ಟೇ, ಬಿಡೋ ವೇಗ ಬೇರೆ. ಒಂದೇ ಸಲ ಕರಗಿ ನೀರಿನ ಜೊತೆ ಹೋಗೋ ಬದಲು ಪೈರಿಗೆ ಸ್ವಲ್ಪ ಸ್ವಲ್ಪವಾಗಿ ಸಿಗುತ್ತೆ. "ಇದೂ ಹಂಗೇ" ಅಂದ್ರು. ನನಗೆ ಅಷ್ಟು ಸಾಕಾಯ್ತು, ಎದ್ದು ಬಂದ್ಬಿಟ್ಟೆ. ಇನ್ನೊಂದು ಪ್ರಶ್ನೆ ಕೇಳಬೇಕಿತ್ತು. ಅವರು ಕೊನೆಗೆ "ಮುರೀಬೇಡಿ, ಅಗೀಬೇಡಿ" ಅಂದಿದ್ದು ಕಿವಿಗೆ ಬಿತ್ತು, ಆದ್ರೆ ಯಾಕೆ ಅಂತ ಕೇಳಲಿಲ್ಲ. ಯಾಕೆ ಅಂತ ಗೊತ್ತಿಲ್ಲದ ಮಾತು ಮನಸ್ಸಲ್ಲಿ ನಿಲ್ಲಲ್ಲ.

ಆ ಮಾತ್ರೆ ದಪ್ಪ, ಹೆಚ್ಚುಕಮ್ಮಿ ಹುಣಸೆ ಬೀಜದಷ್ಟು. ಎರಡನೇ ದಿನ ಗಂಟಲಲ್ಲಿ ಸಿಕ್ಕಾಕ್ಕೊಂಡು ಕಣ್ಣಲ್ಲಿ ನೀರು ಬಂತು. ಮೂರನೇ ದಿನ ಎಲೆ ಅಡಿಕೆ ತಟ್ಟೆಯಿಂದ ಅಡಕತ್ತರಿ ತಗೊಂಡು ನಾಲ್ಕು ಹೋಳು ಮಾಡ್ದೆ. ಮಜ್ಜಿಗೆ ಜೊತೆ ಸಲೀಸಾಗಿ ಇಳೀತು. ಎಂಥಾ ಬುದ್ಧಿವಂತ ನಾನು ಅಂದ್ಕೊಂಡೆ.

ಆ ವಾರ ನಮ್ಮ ಲೈನಿಗೆ ರಾತ್ರಿ ಪಾಳಿ ಕರೆಂಟು. ಹನ್ನೊಂದಕ್ಕೆ ತ್ರೀ ಫೇಸ್ ಬರೋದು. ಮಾತ್ರೆ ನುಂಗಿದ್ದು ಒಂಬತ್ತೂವರೆಗೆ, ಅದೂ ಊಟ ಮಾಡದೆ. ಮುದ್ದೆ ಆಮೇಲೆ ಉಣ್ಣೋಣ, ಮೊದ್ಲು ಮೋಟ್ರು ಹಾಕ್ಬರೋಣ ಅಂತ ಬ್ಯಾಟರಿ ಹಿಡ್ಕೊಂಡು ಹೊರಟೆ. ಸ್ಟಾರ್ಟರ್ ಬಾಕ್ಸಿನ ಬಾಗಿಲು ತೆಗೆದಿದ್ದು ಜ್ಞಾಪಕ ಇದೆ. ಗೋಡೆ ವಾಲಿದಂಗೆ ಕಾಣ್ತು. ಆಮೇಲೆ ಕಲ್ಲು ಚಪ್ಪಡಿ ಮೇಲೆ ಬಿದ್ದಿದ್ದೆ. ಅಲ್ಲಿಂದ ನಾಲ್ಕು ಮಾರು ದೂರದಲ್ಲಿ ನಮ್ಮ ಹಳೇ ತೆರೆದ ಬಾವಿ ಇದೆ, ಕಟ್ಟೆ ಇಲ್ಲ. ಕೈ ಹತ್ರ ಕರೆಂಟು ಬಂದಿರೋ ಬಾಕ್ಸು ಬಾಯಿ ತೆಕ್ಕೊಂಡಿತ್ತು. ಪಕ್ಕದ ಜಮೀನಿನ ಹುಡುಗನೂ ಮೋಟ್ರು ಹಾಕೋಕೆ ಬಂದಿದ್ದ. ಉರೀತಾ ಇರೋ ಬ್ಯಾಟರಿ ನೆಲದಲ್ಲಿ ಬಿದ್ದಿದ್ದು ನೋಡಿ ಓಡಿ ಬಂದ. "ಅಣ್ಣ, ಏನಾಯ್ತಣ್ಣ" ಅಂತ ಎತ್ತಿದ. ನನಗೆ ಮಾತು ತೊದಲ್ತಿತ್ತು. ಕುಡಿದಿದ್ದೀನಿ ಅಂದ್ಕೊಂಡ ಪಾಪ, ಅದಕ್ಕೇ ಯಾರಿಗೂ ಹೇಳಿರಲಿಲ್ಲ.

ಮಾರನೇ ದಿನ ಕೈಗೆ ಪಟ್ಟಿ ಹಾಕಿಸಿ ಡಾಕ್ಟ್ರ ಎದುರು ಕೂತೆ. "ಮಾತ್ರೆ ಹೆಂಗೆ ತಗೊಂಡ್ರಿ?" ಅಂದ್ರು. ಹೇಳ್ದೆ. ಅವರು ತಲೆ ಮೇಲೆ ಕೈ ಇಟ್ಕೊಂಡ್ರು. ಆಗ ಬಿಡಿಸಿ ಹೇಳಿದ್ರು, ನಾನೂ ಈ ಸಲ ಕೂತು ಕೇಳ್ದೆ.

ನಿಧಾನ ಕರಗೋ ಮಾತ್ರೆಯೊಳಗೆ ಇಡೀ ದಿನಕ್ಕೆ ಬೇಕಾದ ಔಷಧಿ ಇರುತ್ತೆ. ಅದನ್ನ ತಡೆದು ತಡೆದು ಬಿಡೋದು ಮಾತ್ರೆಯ ಕಟ್ಟೋಣ. ಕೆಲವು ಮಾತ್ರೆ ಹೊಟ್ಟೇಲಿ ನೀರು ಹೀರಿ ಉಬ್ಕೊಂಡು ಅಲ್ಲೇ ಹೊತ್ತು ಹೊತ್ತು ನಿಲ್ಲುತ್ತೆ, ಅಲ್ಲಿಂದ ಔಷಧಿ ಜಿನುಗುತ್ತೆ. ಅದನ್ನ ಕತ್ತರಿಸಿದ್ರೆ, ಅಗಿದ್ರೆ, ಪುಡಿ ಮಾಡಿದ್ರೆ ಆ ಕಟ್ಟೋಣ ಹೋಯ್ತು. ತೂಬಿಂದ ಬಿಡಬೇಕಾದ ಕೆರೆ ನೀರನ್ನ ಏರಿ ಒಡೆದು ಬಿಟ್ಟಂಗೆ. 75ಕ್ಕೇ ತೂರಾಡ್ತಿದ್ದ ನಾನು 150 ಒಂದೇ ಸಲಕ್ಕೆ, ಖಾಲಿ ಹೊಟ್ಟೇಲಿ ಒಳಗೆ ಬಿಟ್ಕೊಂಡಿದ್ದೆ. ಒಂಬತ್ತೂವರೆಗೆ ನುಂಗಿ ಹನ್ನೊಂದಕ್ಕೆ ಬಿದ್ದಿದ್ದು, ಆ ಒಂದೂವರೆ ಗಂಟೆ ಲೆಕ್ಕ ಸರಿಯಾಗೇ ಇತ್ತು.

ಮುರಿಯದೆ ಇದ್ರೂ ಊಟ ಇಲ್ಲದೆ ತಗೊಂಡ್ರೆ ಈ ಮಾತ್ರೆ ಕೆಡುತ್ತೆ. ಹೊಟ್ಟೇಲಿ ಊಟ ಇದ್ರೆ ಮಾತ್ರೆ ಅಲ್ಲಿ ನಿಲ್ಲುತ್ತೆ. ಇಲ್ಲಾಂದ್ರೆ ಬೇಗ ಕೆಳಗೆ ಜಾರುತ್ತೆ, ದೊಡ್ಡ ಕರುಳಿಗೆ ಹೋದ್ರೆ ಔಷಧಿ ಸರಿಯಾಗಿ ಮೈಗೆ ಹತ್ತಲ್ಲ. ಅಂದ್ರೆ ಮುರಿದು ತಗೊಂಡ್ರೆ ಜಾಸ್ತಿ, ಉಪವಾಸದಲ್ಲಿ ಇಡಿಯಾಗಿ ನುಂಗಿದ್ರೆ ಕಮ್ಮಿ. ಏಕಾದಶಿ, ಶನಿವಾರ ಒಪ್ಪೊತ್ತು ಮಾಡೋರು ಇದನ್ನ ಡಾಕ್ಟ್ರಿಗೆ ಮೊದಲೇ ಹೇಳಿ.

ಹಂಗಾದ್ರೆ ಎರಡರಲ್ಲಿ ಯಾವುದು ಒಳ್ಳೇದು? ನಾನು ತಿಳ್ಕೊಂಡಿದ್ದು ಹೀಗಿದೆ.

1. ಔಷಧಿ ಒಂದೇ. ನಿಧಾನದ್ದು ನೋವಿಗೆ ಹೆಚ್ಚು ಗಟ್ಟಿ ಅಂತ ಅಲ್ಲ. ದಿನಕ್ಕೊಂದು ಸಲ ಸಾಕು, ರಕ್ತದಲ್ಲಿ ಏರಿಳಿತ ಕಮ್ಮಿ, ಅದು ಅದರ ಅನುಕೂಲ. ತಲೆಸುತ್ತು, ನಿದ್ದೆ ಮಂಪರು, ಕಣ್ಣು ಮಂಜು, ಕಾಲು ಊತ, ತೂಕ ಏರೋದು ಎರಡರಲ್ಲೂ ಇದೆ.

2. ಬೇಗ ಕರಗೋ ಕ್ಯಾಪ್ಸೂಲ್ ಕಮ್ಮಿಯಿಂದ ಶುರು ಮಾಡಿ ಸ್ವಲ್ಪ ಸ್ವಲ್ಪ ಏರಿಸೋಕೆ, ಇಳಿಸೋಕೆ ಸಲೀಸು. ಬೆಳಿಗ್ಗೆ ಚಿಕ್ಕದು, ರಾತ್ರಿ ದೊಡ್ಡದು ಅಂತ ಡಾಕ್ಟ್ರು ಹಂಚಿಯೂ ಕೊಡ್ತಾರೆ. ಸಾಮಾನ್ಯವಾಗಿ ಮೊದಲು ಇದರಲ್ಲೇ ನೋಡಿ, ಮೈಗೆ ಒಗ್ಗಿದ ಅಳತೆ ಸಿಕ್ಕ ಮೇಲೆ ನಿಧಾನದ್ದಕ್ಕೆ ಬದಲಾಯಿಸ್ತಾರೆ.

3. ಕಿಡ್ನಿ ಸೋತಿರೋರಿಗೆ ಲೆಕ್ಕವೇ ಬೇರೆ. ಔಷಧಿ ಹೊರಗೆ ಹೋಗೋ ದಾರಿನೇ ಕಿಡ್ನಿ. ನಮ್ಮ ಭಾವಮೈದುನನಿಗೆ ಕ್ರಿಯಾಟಿನಿನ್ ಏರಿದೆ. ಅವನಿಗೂ ಕಾಲುರಿ, ಅವನಿಗೂ ಇದೇ ಔಷಧಿ, ಆದ್ರೆ ಚಿಕ್ಕ ಅಳತೆ ಕ್ಯಾಪ್ಸೂಲ್. ಕಿಡ್ನಿ ತುಂಬ ಸೋತಿದ್ರೆ ನಿಧಾನದ ಮಾತ್ರೆ ಕೊಡೋದೇ ಇಲ್ಲ. ನನ್ನ ಮಾತ್ರೆ ನೋಡಿ "ನಂಗೂ ಇದೇ ಬೇಕು" ಅಂದ, ಬೇಡ ಅಂದೆ. ಒಬ್ಬರ ಮಾತ್ರೆ ಇನ್ನೊಬ್ಬರಿಗೆ ದಾಟಿಸೋ ಅಭ್ಯಾಸ ನಮ್ಮಲ್ಲಿ ಜಾಸ್ತಿ, ಇದರಲ್ಲಿ ಬೇಡವೇ ಬೇಡ.

4. ಅಳತೆ ನೀವೇ ಕೂಡಿ ಕಳೆಯಬೇಡಿ. ಅಮೆರಿಕದಲ್ಲಿ ಲಿರಿಕಾ ಹೆಸರಿನ ಕ್ಯಾಪ್ಸೂಲಿಗೆ 2004ರಲ್ಲಿ, ಅದರ ನಿಧಾನದ ಮಾತ್ರೆಗೆ 2017ರಲ್ಲಿ ಒಪ್ಪಿಗೆ ಸಿಕ್ಕಿದ್ದು. ಅಲ್ಲಿ ದಿನಕ್ಕೆ 150 ಮಿಲಿಗ್ರಾಂ ಕ್ಯಾಪ್ಸೂಲ್ ತಗೊಳ್ಳೋರಿಗೆ ನಿಧಾನದ್ದು 165, 300 ತಗೊಳ್ಳೋರಿಗೆ 330. ನಮ್ಮಲ್ಲಿ 75, 150 ಹೀಗೆ ಬರುತ್ತೆ. ಯಾವ ಮಾತ್ರೆಗೆ ಯಾವುದು ಸಮ ಅಂತ ಹೇಳಬೇಕಾದೋರು ಡಾಕ್ಟ್ರು.

5. ಸ್ಟ್ರಿಪ್ಪಿನ ಮೇಲೆ ಹೆಸರಿನ ಕೊನೇಲಿ ಎಸ್‌ಆರ್, ಇಆರ್, ಸಿಆರ್, ಎಕ್ಸ್‌ಆರ್ ಅಂತ ಇದ್ರೆ ಅದು ನಿಧಾನದ್ದು. ನನಗೆ ಒಂದು ಸಲ ಅಂಗಡಿಯಲ್ಲಿ ನಿಧಾನದ ಮಾತ್ರೆ ಮುಗಿದಿತ್ತು. "ಅದೇ ಔಷಧಿ, ತಗೊಂಡೋಗಣ್ಣ" ಅಂತ ಬರೀ ಕ್ಯಾಪ್ಸೂಲ್ ಕೊಟ್ರು. ಔಷಧಿ ಅದೇ, ನಿಜ. ಆದ್ರೆ ದಿನಕ್ಕೊಂದು ಅಂತ ನುಂಗಿದ್ರೆ ಅರ್ಧ ದಿನ ಖಾಲಿ. ಮನೆಗೆ ಬಂದ ಮೇಲೆ ಮಗ ನೋಡಿ ವಾಪಸ್ ಕಳಿಸಿದ. ಈಗ ಹಳೇ ಸ್ಟ್ರಿಪ್ಪು ಜೇಬಲ್ಲಿ ಇಟ್ಕೊಂಡೇ ಹೋಗ್ತೀನಿ.

6. ನಮ್ಮಲ್ಲಿ ಬಹಳ ಜನ ತಗೊಳ್ಳೋ ಮೆಟ್‌ಫಾರ್ಮಿನ್ ಎಸ್‌ಆರ್ ಕೂಡ ಇದೇ ಜಾತಿ. ಅದನ್ನೂ ಪುಡಿ ಮಾಡಿ ವಯಸ್ಸಾದೋರಿಗೆ ಗಂಜೀಲಿ ಕಲಸಿ ಕೊಡಬೇಡಿ. ಅದರ ಮೆತ್ತನೆ ಹೊದಿಕೆ ಕೆಲವು ಸಲ ಮಲದಲ್ಲಿ ಹಂಗೇ ಕಾಣುತ್ತೆ. ಮಾತ್ರೆ ಕೆಲಸ ಮಾಡಿಲ್ಲ ಅಂತ ಗಾಬರಿ ಬೇಡ, ಔಷಧಿ ಒಳಗೆ ಇಳಿದಿರುತ್ತೆ. ನುಂಗೋಕೆ ಆಗಲ್ಲ ಅನ್ನೋರು ಡಾಕ್ಟ್ರಿಗೆ ಹೇಳಿದ್ರೆ ಬೇರೆ ರೂಪದ್ದು ಬರೆದುಕೊಡ್ತಾರೆ. ನಾನು ಅಷ್ಟು ಹೇಳಿದ್ರೆ ಸಾಕಿತ್ತು, ಅಡಕತ್ತರಿ ಬೇಕಿರಲಿಲ್ಲ.

7. ಉರಿ ಕಮ್ಮಿ ಆಯ್ತು ಅಂತ ಥಟ್ ಅಂತ ನಿಲ್ಲಿಸಬೇಡಿ. ಬೆವರು, ತಲೆನೋವು, ನಿದ್ದೆ ಬರದೆ ಇರೋದು ಆಗುತ್ತೆ. ಕಮ್ಮಿ ಅಂದ್ರೂ ಒಂದು ವಾರ ಹಿಡಿದು ಇಳಿಸ್ತಾ ಬರಬೇಕು, ಡಾಕ್ಟ್ರು ಹೇಳಿದಂಗೆ. ಒಂದು ದಿನ ಮರೆತ್ರೆ ಮಾರನೇ ದಿನ ಎರಡು ನುಂಗಬೇಡಿ.

8. ಎಣ್ಣೆ ಹಾಕೋರಿಗೆ ಒಂದು ಮಾತು. ಮದ್ಯದ ಜೊತೆ, ನಿದ್ದೆ ಮಾತ್ರೆ ಜೊತೆ, ಟ್ರಮಡಾಲ್‌ನಂಥ ನೋವಿನ ಮಾತ್ರೆ ಜೊತೆ ಇದು ಸೇರಿದ್ರೆ ಉಸಿರೇ ನಿಧಾನ ಆಗಿ ಜೀವಕ್ಕೆ ಅಪಾಯ. ಇದನ್ನ ತಮಾಷೆಗೆ ಬರೀತಿಲ್ಲ.

ಕೈ ಪಟ್ಟಿ ಬಿಚ್ಚಿದ ಮೇಲೆ ಡಾಕ್ಟ್ರು ಕೇಳಿದ್ರು, ಕ್ಯಾಪ್ಸೂಲಿಗೆ ವಾಪಸ್ ಹೋಗ್ತೀರಾ, ಇದನ್ನೇ ಸರಿಯಾಗಿ ತಗೊಳ್ತೀರಾ ಅಂತ. ಬೆಳಿಗ್ಗೆ ಎಂಟೂವರೆಗೆ ಬದು ಮೇಲೆ ತೂರಾಡೋದು ನನಗೆ ಆಗಲ್ಲ. ಇದನ್ನೇ ತಗೊಳ್ತೀನಿ ಅಂದೆ. ಈಗ ಮುದ್ದೆ ಊಟ ಮುಗಿಸಿ, ಇಡೀ ಮಾತ್ರೆ, ದೊಡ್ಡ ಲೋಟದಲ್ಲಿ ನೀರು, ತಲೆ ಸ್ವಲ್ಪ ಮುಂದಕ್ಕೆ ಬಗ್ಗಿಸಿ ನುಂಗ್ತೀನಿ. ಇಳಿಯುತ್ತೆ. ಅಡಕತ್ತರಿ ಈಗ ಅಡಿಕೆಗೆ ಮಾತ್ರ.

ಆದ್ರೆ ಇದಕ್ಕೂ ಒಂದು ಹೊತ್ತಿದೆ. ರಾತ್ರಿ ಊಟದ ಮೇಲೆ ತಗೊಂಡದ್ದು ಸುಮಾರು 8 ಗಂಟೆ ಆದ ಮೇಲೆ ಮೇಲಿನ ಮಟ್ಟಕ್ಕೆ ಬರುತ್ತೆ. ಒಂಬತ್ತಕ್ಕೆ ತಗೊಂಡ್ರೆ ಬೆಳಗಿನ ಜಾವ ಐದು. ನಾವು ಏಳೋ ಹೊತ್ತೇ ಅದು. ಹಂಗಾಗಿ ಊಟ ಎಂಟು ಗಂಟೆಗೇ ಮುಗಿಸ್ತೀನಿ. ಎದ್ದ ತಕ್ಷಣ ಓಡಲ್ಲ, ಹಾಸಿಗೆ ಮೇಲೆ ಎರಡು ನಿಮಿಷ ಕೂತು ಆಮೇಲೆ ನಿಲ್ತೀನಿ. ಕಾಲು ನೋಡ್ಕೊಳ್ತೀನಿ, ಬೆರಳ ಸಂದಿ, ಅಂಗಾಲು. ಕಾಣದ ಕಡೆ ನಮ್ಮನೆಯವಳು ನೋಡ್ತಾಳೆ. ಉರಿ ಇಳಿದ ಮಾತ್ರಕ್ಕೆ ಪಾದಕ್ಕೆ ಸ್ಪರ್ಶ ವಾಪಸ್ ಬಂದಿಲ್ಲ. ಮಾತ್ರೆ ಉರಿ ತಗ್ಗಿಸುತ್ತೆ ಅಷ್ಟೆ, ನರ ಹೊಲಿಯಲ್ಲ. ಸಕ್ಕರೆ ಹತೋಟಿ, ಹಿಂದೆ ಪಟ್ಟಿ ಇರೋ ಚಪ್ಪಲಿ, ದಿನಾ ಕಾಲು ನೋಡೋದು, ಇವು ಬೇರೆ ಕೆಲಸ. ಮಾತ್ರೆ ಇದ್ರೂ ಮಾಡಲೇಬೇಕು.

ಉಳಿದಿದ್ದು ರಾತ್ರಿ ಪಾಳಿ. ಕರೆಂಟು ನನ್ನ ಮಾತ್ರೆ ಕೇಳಿ ಬರಲ್ಲ. ಮೋಟ್ರು ಹಾಕೋ ದಿನ ಮಾತ್ರೆ ಬಿಡೋಣ ಅಂದ್ರೆ ಅದು ತಪ್ಪು, ಮಾತ್ರೆ ತಗೊಂಡು ಹೋಗೋಣ ಅಂದ್ರೆ ಬಾವಿ ಇದೆ. ಒಂದು ವಾರ ಯೋಚನೆ ಮಾಡಿ ಕೊನೆಗೆ ಆ ಪಕ್ಕದ ಜಮೀನಿನ ಹುಡುಗನ್ನ ಮನೆಗೆ ಕರೆದು, ಕೂರಿಸಿ, ಎಲ್ಲ ಹೇಳ್ದೆ. ಕಾಲಿನ ವಿಷಯ, ಅವತ್ತು ಕುಡಿದಿರಲಿಲ್ಲ ಅನ್ನೋ ವಿಷಯ. ಐವತ್ತು ದಾಟಿದ ಗಂಡಸಿಗೆ ಇದು ಸುಲಭ ಅಲ್ಲ. ಅವನು ನಕ್ಕು "ಅಷ್ಟೇನಾ ಅಣ್ಣ, ಎರಡು ಸ್ಟಾರ್ಟರೂ ನಾನೇ ಒತ್ತುತೀನಿ" ಅಂದ. ಅವರಪ್ಪಂಗೂ ಕಾಲು ಉರಿ ಇದೆಯಂತೆ, ಮನೇಲಿ ಯಾರಿಗೂ ಹೇಳದೆ ಪಾದಕ್ಕೆ ಸೀಮೆಎಣ್ಣೆ ತಿಕ್ಕೊಳ್ತಾರಂತೆ. ಮುಂದಿನ ಸೋಮವಾರ ನಾನೇ ಕರ್ಕೊಂಡು ಹೋಗ್ತೀನಿ ಅಂತ ಹೇಳಿದ್ದೀನಿ.

ನಮ್ಮಪ್ಪನ ಕಾಲದಲ್ಲಿ ನಾಟಿಗೆ, ಕಟಾವಿಗೆ ಮುಯ್ಯಾಳು ಹೋಗ್ತಿದ್ರು. ಈಗ ನಾವಿಬ್ಬರು ಕರೆಂಟಿಗೆ ಮುಯ್ಯಿ ಮಾಡ್ಕೊಂಡಿದ್ದೀವಿ. ರಾತ್ರಿ ಪಾಳಿ ವಾರದಲ್ಲಿ ನನ್ನ ಮೋಟ್ರು ಅವನು ಹಾಕ್ತಾನೆ. ಅವನು ನಿದ್ದೆಗೆಟ್ಟು ಮಲಗಿರೋವಾಗ ಬೆಳಿಗ್ಗೆ ಏಳು ಗಂಟೆಗೆ ಅವನ ಹಸುಗಳ ಹಾಲು ಡೈರಿಗೆ ನಾನು ಹಾಕ್ತೀನಿ. ಬಾವಿಗೆ ಈ ಬೇಸಿಗೇಲಿ ಕಟ್ಟೆ ಕಟ್ಟಿಸ್ತೀನಿ.

ಕಾಲು ಉರಿ ಇರೋರು ಒದ್ದೆ ಗೋಣಿಚೀಲದ ಮೇಲೆ ಕಾಲಿಟ್ಕೊಂಡು ಸುಮ್ನಿರಬೇಡಿ. ಹೋಗಿ ತೋರಿಸಿ. ಮಾತ್ರೆ ಬರೆದುಕೊಟ್ರೆ ಇದು ಬೇಗ ಕರಗೋದಾ, ನಿಧಾನ ಕರಗೋದಾ, ಊಟಕ್ಕೆ ಮುಂಚೆನಾ ಆಮೇಲಾ, ಮುರೀಬಹುದಾ ಅಂತ ಕೇಳಿ. ನಿಮ್ಮ ಕೆಲಸ ಎಂಥದ್ದು, ರಾತ್ರಿ ನೀರಿಗೆ ಹೋಗ್ತೀರಾ, ಟ್ರ್ಯಾಕ್ಟರ್ ಓಡಿಸ್ತೀರಾ ಅನ್ನೋದನ್ನೂ ಹೇಳಿ. ಕೇಳದೆ ಎದ್ದು ಬಂದಿದ್ದಕ್ಕೆ ನಾನು ಮೊಣಕೈ ಕೊಟ್ಟೆ.

ಮುಂದಿನ ವಾರ ಕೂಳೆ ಕಬ್ಬಿನ ಉಳಿದ ಕಥೆ ಬರೀತೀನಿ.